ಫೋಲ್ಡರ್ ಆಗಿದೆ, ಆದರೆ ಎಲ್ಲಿ?

ಈ ಸಲ ಕಂಪ್ಯೂಟರ್ ಪ್ರಶ್ನೋತ್ತರಕ್ಕೆ ಬಂದ ಪತ್ರಗಳನ್ನು ಹರಡಿಕೊಂಡು ಕೂತರೆ ಎಷ್ಟೋ ಜನರದ್ದು ಒಂದೇ ಗೋಳು. ತಾವೇ ಬರೆದ ಪ್ರೋಗ್ರಾಂ ಫೋಲ್ಡರ್ ಮಾಡುತ್ತಿಲ್ಲ, ಫೈಲ್ ಉಳಿಸುತ್ತಿಲ್ಲ, ಉಳಿಸಿದ್ದು ಸಿಗುತ್ತಿಲ್ಲ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ ಇದೊಂದನ್ನೇ ಹಿಡಿದಿದ್ದೇನೆ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳಿಕೊಂಡಿದ್ದರು, ಅದಕ್ಕೇ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮದು ಅಡಿಕೆ ವ್ಯಾಪಾರ. ಅಪ್ಪನಿಗೆ ಅನುಕೂಲ ಆಗಲಿ ಅಂತ ಪೈಥಾನ್‌ನಲ್ಲಿ ಒಂದು ಬಿಲ್ಲಿಂಗ್ ಪ್ರೋಗ್ರಾಂ ಬರೆದೆ. ದಿನಕ್ಕೊಂದು ಫೋಲ್ಡರ್, ಅದರೊಳಗೆ ಆ ದಿನದ ಬಿಲ್ಲುಗಳ ಪಿಡಿಎಫ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇತ್ತು. ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಇಎಕ್ಸ್‌ಇ ಫೈಲ್ ಮಾಡಿ ಅಂಗಡಿಯ ಕಂಪ್ಯೂಟರ್‌ಗೆ ಹಾಕಿದೆ. ಬಿಲ್ ಸೇವ್ ಆಯಿತು ಅಂತ ತೋರಿಸುತ್ತದೆ, ಪ್ರೋಗ್ರಾಂ ಒಳಗಿಂದಲೇ ಬಿಲ್ ತೆರೆದರೆ ತೆರೆಯುತ್ತದೆ ಕೂಡ. ಮರುದಿನ ನೋಡಿದರೆ ಫೋಲ್ಡರೇ ಇಲ್ಲ! ಅಪ್ಪ ಮತ್ತೆ ಕಾರ್ಬನ್ ಹಾಳೆ ಇಟ್ಟ ಬಿಲ್ ಪುಸ್ತಕ ಹಿಡಿದಿದ್ದಾರೆ. — ಶಿರಸಿ

ಉತ್ತರ: ನಿಮ್ಮ ಫೋಲ್ಡರ್ ಆಗಿತ್ತು. ದಿನಾ ಆಗುತ್ತಿತ್ತು. ಪ್ರೋಗ್ರಾಂ ಮುಚ್ಚಿದ ತಕ್ಷಣ ಅಳಿಸಿ ಹೋಗುತ್ತಿತ್ತು, ಅಷ್ಟೇ.

ಒಂದೇ ಇಎಕ್ಸ್‌ಇ ಮಾಡು ಅಂತ ಪೈಇನ್‌ಸ್ಟಾಲರ್‌ಗೆ ಹೇಳಿದಾಗ ಅದು ಪೈಥಾನ್ ಇಂಟರ್‌ಪ್ರಿಟರ್, ನಿಮ್ಮ ಕೋಡ್, ಬೇಕಾದ ಲೈಬ್ರರಿಗಳು ಎಲ್ಲವನ್ನೂ ಒಂದು ಮೂಟೆ ಕಟ್ಟುತ್ತದೆ. ನೀವು ಡಬಲ್ ಕ್ಲಿಕ್ ಮಾಡಿದಾಗ ಆ ಮೂಟೆ ಬಿಚ್ಚಬೇಕಲ್ಲ, ಅದನ್ನು ಬಿಚ್ಚುವುದು ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ. ಅಲ್ಲಿ ಒಂದು ಅಂಡರ್‌ಸ್ಕೋರ್, ಆಮೇಲೆ ಎಂ ಇ ಐ ಅನ್ನುವ ಮೂರು ಅಕ್ಷರ, ಆಮೇಲೆ ಒಂದಿಷ್ಟು ಅಂಕಿಗಳ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಪ್ರೋಗ್ರಾಂ ಮುಚ್ಚಿದರೆ ಆ ಫೋಲ್ಡರನ್ನು ಒಳಗಿರುವುದೆಲ್ಲದರ ಸಮೇತ ಗುಡಿಸಿ ಹಾಕುತ್ತದೆ. ನೀವು ಕೋಡಿನಲ್ಲಿ 'ಈ ಪ್ರೋಗ್ರಾಂ ಇರುವ ಜಾಗದಲ್ಲೇ ಬಿಲ್ಸ್ ಫೋಲ್ಡರ್ ಮಾಡು' ಅಂತ ಬರೆದಿದ್ದೀರಿ, ಆ ಜಾಗ ತಿಳಿಯಲು ಆಚೆ ಈಚೆ ಎರಡೆರಡು ಅಂಡರ್‌ಸ್ಕೋರ್ ಇರುವ ಫೈಲ್ ಎಂಬ ವೇರಿಯಬಲ್ ಬಳಸಿದ್ದೀರಿ ಅಂತ ನನ್ನ ಊಹೆ, ಯಾಕೆಂದರೆ ನೆಟ್‌ನಲ್ಲಿ ಸಿಗುವ ಮಾದರಿ ಕೋಡುಗಳಲ್ಲಿ ಹಾಗೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೋಡನ್ನು ನೇರವಾಗಿ ಓಡಿಸುವಾಗ ಅದು ನಿಮ್ಮ ಪ್ರಾಜೆಕ್ಟ್ ಫೋಲ್ಡರನ್ನೇ ತೋರಿಸುತ್ತಿತ್ತು. ಮೂಟೆ ಕಟ್ಟಿದ ಮೇಲೆ ಅದು ತೋರಿಸುವುದು ಈ ತಾತ್ಕಾಲಿಕ ಗುಡಾರವನ್ನು. ನೀವು ಬಿಲ್ಲನ್ನೆಲ್ಲ ಜಾತ್ರೆಯ ಗುಡಾರದಲ್ಲಿಟ್ಟು ಬೀಗ ಹಾಕಿಕೊಂಡು ಬಂದಿದ್ದೀರಿ.

ನಿಜವಾದ ಇಎಕ್ಸ್‌ಇ ಎಲ್ಲಿದೆ ಅಂತ ಬೇಕಿದ್ದರೆ ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಅನ್ನುವುದನ್ನು ಕೇಳಬೇಕು. ಆದರೆ ನನ್ನನ್ನು ಕೇಳಿದರೆ ಇಎಕ್ಸ್‌ಇ ಪಕ್ಕದಲ್ಲಿ ಬಿಲ್ ಇಡುವುದೇ ಬೇಡ. ನಾಳೆ ಹೊಸ ಆವೃತ್ತಿ ಹಾಕುವಾಗ ಯಾರೋ ಇಡೀ ಫೋಲ್ಡರ್ ಅಳಿಸಿ ಬಿಡುತ್ತಾರೆ. ಬಿಲ್ಲು ಡಾಕ್ಯುಮೆಂಟ್ಸ್ ಒಳಗಿರಲಿ, ಅಪ್ಪನಿಗೂ ಹುಡುಕಲು ಸುಲಭ. ಮೊದಲ ಸಲ ಓಡಿದಾಗ 'ಬಿಲ್ ಎಲ್ಲಿಡಲಿ?' ಅಂತ ಕೇಳಿ ಆ ಉತ್ತರವನ್ನು ನೆನಪಿಟ್ಟುಕೊಳ್ಳುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಕೋಡಿನಲ್ಲಿ ಒಂದೇ ಒಂದು ಸಾಲು ಇದ್ದಿದ್ದರೆ ಇಷ್ಟು ದಿನ ಒದ್ದಾಡಬೇಕಿರಲಿಲ್ಲ. 'ಬಿಲ್ ಸೇವ್ ಆಯಿತು' ಅಂತ ತೋರಿಸುವ ಜಾಗದಲ್ಲಿ ಪೂರ್ತಿ ಪಾತ್ ತೋರಿಸಿ, ಸಿ ಡ್ರೈವ್‌ನಿಂದ ಹಿಡಿದು ಪಿಡಿಎಫ್ ಹೆಸರಿನವರೆಗೆ. ಪೈಥಾನ್‌ನಲ್ಲಿ ಅದಕ್ಕೆ ಆಬ್ಸ್‌ಪಾತ್ ಅಂತಲೇ ಇದೆ. ಅದು ಪರದೆ ಮೇಲೆ ಕಂಡಿದ್ದರೆ ಟೆಂಪ್ ಅನ್ನುವ ಪದ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ?

ಹಳೆಯ ಬಿಲ್ಲುಗಳು ಸಿಗುತ್ತವಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬಹುಪಾಲು ಹೋದಂತೆಯೇ. ಆದರೆ ಗುಡಿಸುವ ಕೆಲಸ ನಡೆಯುವುದು ಪ್ರೋಗ್ರಾಂ ಸರಿಯಾಗಿ ಮುಚ್ಚಿದಾಗ ಮಾತ್ರ. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಆಫ್ ಆದ ದಿನ, ಇಲ್ಲವೇ ಪ್ರೋಗ್ರಾಂ ಹ್ಯಾಂಗ್ ಆಗಿ ಟಾಸ್ಕ್ ಮ್ಯಾನೇಜರ್‌ನಿಂದ ಕೊಂದ ದಿನ ಆ ಫೋಲ್ಡರ್ ಹಾಗೇ ಉಳಿದಿರುತ್ತದೆ. ನಿಮ್ಮ ಯೂಸರ್ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರಲ್ಲಿ ಲೋಕಲ್, ಅದರಲ್ಲಿ ಟೆಂಪ್ ತೆರೆದು ನೋಡಿ. ಆಪ್‌ಡೇಟಾ ಅಡಗಿರುವ ಫೋಲ್ಡರ್, ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಂಗಳನ್ನು ತೋರಿಸು ಅಂತ ಹೇಳಬೇಕು. ಅಪರೂಪಕ್ಕೆ ಕರೆಂಟ್ ಹೋಗಿದ್ದು ಒಳ್ಳೆಯದಕ್ಕೇ ಆಗಿರಬಹುದು. ಡಿಸ್ಕ್ ಕ್ಲೀನ್ ಮಾಡುವ ಯಾವುದನ್ನೂ ಅಷ್ಟರೊಳಗೆ ಓಡಿಸಬೇಡಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಬಹಳ ಹಿಂದೆ ಯಾರೋ ವಿಬಿ 6ರಲ್ಲಿ (ವಿಷುವಲ್ ಬೇಸಿಕ್) ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ ಇದೆ. ಈಗ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಹೊಸ ಕಂಪ್ಯೂಟರ್‌ಗೆ ಹಾಕಿದ ಮೇಲೆ ಒಂದು ವಿಚಿತ್ರ ಶುರುವಾಗಿದೆ. ಬೆಳಿಗ್ಗೆ ನಾನು ಬರೆದ ರಸೀದಿಗಳು ಸಂಜೆ ಬರುವ ಗುಮಾಸ್ತರಿಗೆ ಕಾಣುವುದಿಲ್ಲ, ಅವರದ್ದು ನನಗೆ ಕಾಣುವುದಿಲ್ಲ. ಒಂದೇ ಕಂಪ್ಯೂಟರ್, ಬೇರೆ ಬೇರೆ ಲಾಗಿನ್. ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟರೆ ಇಬ್ಬರದ್ದೂ ಇಲ್ಲ, ಹಳೆಯ ಲೆಕ್ಕ ಮಾತ್ರ! ನಮ್ಮಿಬ್ಬರ ಮಧ್ಯೆ ಸುಮ್ನೆ ಅನುಮಾನ ಬೆಳೆಯುತ್ತಿದೆ. — ಚನ್ನಪಟ್ಟಣ

ಉತ್ತರ: ಮೊದಲು ಆ ಗುಮಾಸ್ತರ ಜೊತೆ ಕೂತು ಒಂದು ಕಾಫಿ ಕುಡಿಯಿರಿ, ಇದರಲ್ಲಿ ಅವರ ತಪ್ಪೂ ಇಲ್ಲ, ನಿಮ್ಮದೂ ಇಲ್ಲ.

ವಿಬಿ 6 ಬಂದಿದ್ದು 1998ರಲ್ಲಿ. ಆ ಕಾಲದ ಪ್ರೋಗ್ರಾಂಗಳು ತಾವು ಕೂತ ಜಾಗದಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೇ ಡೇಟಾ ಬರೆಯುತ್ತಿದ್ದವು. ಯಾರೂ ತಡೆಯುತ್ತಿರಲಿಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಸಾಮಾನ್ಯ ಯೂಸರ್ ಅಲ್ಲಿ ಬರೆಯುವ ಹಾಗಿಲ್ಲ. ಆದರೆ ಹಾಗಂತ ತಡೆದುಬಿಟ್ಟರೆ ಲಕ್ಷಾಂತರ ಹಳೆಯ ಪ್ರೋಗ್ರಾಂಗಳು ನಿಂತೇ ಹೋಗುತ್ತವಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಒಂದು ಕಳ್ಳದಾರಿ ಮಾಡಿತು. ಹಳೆಯ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ 'ಆಯಿತು, ಬರೆದೆ' ಅಂತ ಸುಳ್ಳು ಹೇಳಿ, ಆ ಫೈಲನ್ನು ಆ ಯೂಸರಿನದೇ ಆಪ್‌ಡೇಟಾ, ಲೋಕಲ್ ಒಳಗಿನ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರಿಗೆ ತಿರುಗಿಸುತ್ತದೆ. ಓದುವಾಗಲೂ ಮೊದಲು ಅಲ್ಲಿರುವುದನ್ನೇ ಕೊಡುತ್ತದೆ. ಪ್ರೋಗ್ರಾಂಗೆ ಏನೂ ಗೊತ್ತಾಗುವುದಿಲ್ಲ.

ಈಗ ಲೆಕ್ಕ ಹಾಕಿ. ನಿಮಗೊಂದು ವರ್ಚುವಲ್‌ಸ್ಟೋರ್, ಗುಮಾಸ್ತರಿಗೊಂದು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಈ ತಿರುಗಿಸುವ ಆಟ ಇಲ್ಲ, ನೇರ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಫೈಲ್ ಕಾಣುತ್ತದೆ. ಅಂದರೆ ನಿಮ್ಮ ಸಂಘದ ಲೆಕ್ಕದ ಪುಸ್ತಕ ಈಗ ಮೂರು ಆಗಿದೆ, ಮೂರೂ ಬೇರೆ ಬೇರೆ.

ಮೊದಲು ಪ್ರೋಗ್ರಾಂ ಬಳಸುವುದನ್ನು ನಿಲ್ಲಿಸಿ. ಮೂರೂ ಕಡೆಯ ಫೈಲುಗಳನ್ನು ಮೂರು ಬೇರೆ ಫೋಲ್ಡರಿಗೆ ಕಾಪಿ ಮಾಡಿ ಇಟ್ಟುಕೊಳ್ಳಿ. ಒಂದರ ಮೇಲೊಂದು ಹಾಕಿಬಿಟ್ಟೀರಿ, ಜೋಕೆ. ರಸೀದಿಗಳನ್ನು ಕೈಯಲ್ಲೇ ಕೂಡಿಸಬೇಕಾಗುತ್ತದೆ, ಬೇರೆ ದಾರಿ ಇಲ್ಲ. ನಿಮ್ಮ ಅದೃಷ್ಟಕ್ಕೆ ಕೋಡ್ ಇನ್ನೂ ಇದ್ದರೆ ಡೇಟಾ ಜಾಗವನ್ನು ಪ್ರೋಗ್ರಾಂಡೇಟಾ ಫೋಲ್ಡರಿಗೆ ಬದಲಾಯಿಸಿ. ಅಲ್ಲೂ ಒಂದು ಕೊಕ್ಕೆ ಇದೆ. ಅಲ್ಲಿ ಯಾರು ಬೇಕಾದರೂ ಹೊಸ ಫೈಲ್ ಮಾಡಬಹುದು, ಆದರೆ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬ ಸಾಮಾನ್ಯ ಯೂಸರ್ ತಿದ್ದಲು ಆಗುವುದಿಲ್ಲ. ಹಾಗಾಗಿ ನಿಮ್ಮ ಸಂಘದ ಫೋಲ್ಡರ್ ಮಾಡಿ, ಅದರ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಯೂಸರ್ಸ್ ಗುಂಪಿಗೆ ಮಾಡಿಫೈ ಅನುಮತಿ ಕೊಡಬೇಕು. ಕೋಡ್ ಇಲ್ಲದಿದ್ದರೆ ಇಡೀ ಪ್ರೋಗ್ರಾಮನ್ನೇ ಪ್ರೋಗ್ರಾಂ ಫೈಲ್ಸ್‌ನಿಂದ ಎಬ್ಬಿಸಿ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರಿಗೆ ಸಾಗಿಸಿ, ಅಲ್ಲೂ ಇದೇ ಅನುಮತಿ ಕೊಟ್ಟು ನೋಡಿ. ಚೆಂದದ ಪರಿಹಾರ ಅಲ್ಲ, ಆದರೆ ಕೆಲಸ ನಡೆಯುತ್ತದೆ.

ಯಾವುದಾದರೂ ಪ್ರೋಗ್ರಾಂ ಹೀಗೆ ತಿರುಗಿಸಿಕೊಳ್ಳುತ್ತಿದೆಯಾ ಅಂತ ನೋಡಲು ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಯುಎಸಿ ವರ್ಚುವಲೈಸೇಷನ್ ಅನ್ನುವ ಕಾಲಂ ಸೇರಿಸಿಕೊಳ್ಳಬಹುದು. ಎನೇಬಲ್ಡ್ ಅಂತಿದ್ದರೆ ಹೌದು.

ಪ್ರಶ್ನೆ: ಹಸಿರುಮನೆಯ ಉಷ್ಣಾಂಶ ಓದಿ ಆಗಾಗ ಒಂದು ವರದಿ ಬರೆಯುವ ಪೈಥಾನ್ ಪ್ರೋಗ್ರಾಂ ಮಾಡಿದ್ದೇನೆ. ಫೈಲಿನ ಹೆಸರಿನಲ್ಲಿ ಸಮಯ ಇರಲಿ ಅಂತ 'ವರದಿ 10:30' ಈ ತರಹ ಇಟ್ಟೆ, ಕೊನೆಗೆ ಡಾಟ್ ಟಿಎಕ್ಸ್‌ಟಿ. ಎರರ್ ಬರುವುದಿಲ್ಲ. ಆದರೆ ಫೋಲ್ಡರಿನಲ್ಲಿ 'ವರದಿ 10' ಅಂತ ಮಾತ್ರ ಇದೆ, ಸೈಜ್ ಸೊನ್ನೆ. ಒಳಗೆ ಏನೂ ಇಲ್ಲ. ಗಂಟೆಗೆ ಒಂದೇ ಫೈಲ್ ಬೇರೆ. — ದೊಡ್ಡಬಳ್ಳಾಪುರ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ! ನಿಮ್ಮ ವರದಿಗಳು ಒಂದೂ ಕಳೆದಿಲ್ಲ. ಆ ಸೊನ್ನೆ ಸೈಜಿನ ಫೈಲಿನ ಬೆನ್ನಿಗೇ ಅಂಟಿಕೊಂಡು ಕೂತಿವೆ.

ವಿಂಡೋಸ್‌ನಲ್ಲಿ ಫೈಲ್ ಹೆಸರಿನೊಳಗೆ ಕೋಲನ್, ಅಂದರೆ ಆ ಎರಡು ಚುಕ್ಕಿ, ಬರುವ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು. ಎಕ್ಸ್‌ಪ್ಲೋರರ್‌ನಲ್ಲಿ ಟೈಪ್ ಮಾಡಲೂ ಬಿಡುವುದಿಲ್ಲ. ಆದರೆ ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ಮಿಗೆ ಕೋಲನ್ ಅಂದರೆ ಬೇರೆಯೇ ಅರ್ಥ ಇದೆ. ಅಲ್ಲಿ ಒಂದು ಫೈಲಿಗೆ ಒಂದಕ್ಕಿಂತ ಜಾಸ್ತಿ ಒಡಲು ಇರಬಹುದು, ಅವಕ್ಕೆ ಸ್ಟ್ರೀಮ್ ಅನ್ನುತ್ತಾರೆ. ಕೋಲನ್‌ನ ಎಡಕ್ಕಿರುವುದು ಫೈಲಿನ ಹೆಸರು, ಬಲಕ್ಕಿರುವುದು ಸ್ಟ್ರೀಮಿನ ಹೆಸರು. ನೀವು ಬರೆದದ್ದನ್ನು ವಿಂಡೋಸ್ 'ವರದಿ 10 ಎಂಬ ಫೈಲಿನ, 30 ಡಾಟ್ ಟಿಎಕ್ಸ್‌ಟಿ ಎಂಬ ಸ್ಟ್ರೀಮ್' ಅಂತ ಓದಿಕೊಂಡಿತು. ಎಕ್ಸ್‌ಪ್ಲೋರರ್ ಮುಖ್ಯ ಒಡಲಿನ ಅಳತೆ ಮಾತ್ರ ತೋರಿಸುತ್ತದೆ, ಅದು ಖಾಲಿ, ಹಾಗಾಗಿ ಸೊನ್ನೆ. ಇಂಟರ್‌ನೆಟ್‌ನಿಂದ ಇಳಿಸಿದ ಫೈಲ್ ತೆರೆಯುವಾಗ ವಿಂಡೋಸ್ 'ಇದು ಹೊರಗಿನಿಂದ ಬಂದದ್ದು' ಅಂತ ಎಚ್ಚರಿಸುತ್ತದಲ್ಲ, ಆ ಗುರುತನ್ನು ಇಟ್ಟುಕೊಳ್ಳುವುದೂ ಇಂಥದೇ ಒಂದು ಸ್ಟ್ರೀಮಿನಲ್ಲಿ.

ತಮಾಷೆ ಅಂದರೆ ನೀವು ಸೆಕೆಂಡನ್ನೂ ಸೇರಿಸಿ 10:30:45 ಅಂತ ಬರೆದಿದ್ದರೆ ಎರರ್ ಬಂದಿರುತ್ತಿತ್ತು. ಎರಡನೇ ಕೋಲನ್ ಆದಮೇಲೆ ಸ್ಟ್ರೀಮಿನ ಜಾತಿ ಹೇಳಬೇಕು, 45 ಅನ್ನುವ ಜಾತಿ ಇಲ್ಲ. ಇನ್ನೊಂದು ಹೆಜ್ಜೆ ತಪ್ಪು ಮಾಡಿದ್ದರೆ ತಪ್ಪು ಬೇಗ ಸಿಗುತ್ತಿತ್ತು.

ಕಮಾಂಡ್ ಪ್ರಾಂಪ್ಟ್ ತೆರೆದು ಆ ಫೋಲ್ಡರಿಗೆ ಹೋಗಿ ಡಿಐಆರ್, ಒಂದು ಸ್ಪೇಸ್, ಸ್ಲ್ಯಾಶ್, ಆರ್ ಅಂತ ಕೊಡಿ. ಎಲ್ಲ ಸ್ಟ್ರೀಮುಗಳೂ ಅಳತೆಯ ಸಮೇತ ಕಾಣುತ್ತವೆ. ಪಡೆಯುವುದು ಸುಲಭ, ಬರೆದ ಹೆಸರಿನಿಂದಲೇ ಓದಬಹುದು. ಅದೇ ಪೈಥಾನ್‌ನಲ್ಲಿ ಕೋಲನ್ ಇರುವ ಪೂರ್ತಿ ಹೆಸರು ಕೊಟ್ಟು ತೆರೆದು, ಬೇರೆ ಹೆಸರಿನಲ್ಲಿ ಬರೆದಿಡುವ ನಾಲ್ಕು ಸಾಲಿನ ಲೂಪ್ ಸಾಕು. ಒಂದು ಎಚ್ಚರಿಕೆ: ಅದಕ್ಕೂ ಮೊದಲು ಈ ಫೈಲುಗಳನ್ನು ಪೆನ್‌ಡ್ರೈವ್‌ಗೆ ಸಾಗಿಸಿ ಮೂಲವನ್ನು ಅಳಿಸಿಬಿಡಬೇಡಿ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್ 32 ಇಲ್ಲವೇ ಎಕ್ಸ್‌ಫ್ಯಾಟ್ ಇರುತ್ತದೆ, ಅದಕ್ಕೆ ಸ್ಟ್ರೀಮ್ ಗೊತ್ತಿಲ್ಲ, ಆಗ ನಿಮ್ಮ ಕೈಗೆ ಉಳಿಯುವುದು ನಿಜಕ್ಕೂ ಸೊನ್ನೆ.

ಇನ್ನು ಮುಂದೆ ಸಮಯವನ್ನು 10-30 ಅಂತ ಬರೆಯಿರಿ. ದಿನಾಂಕ ಸೇರಿಸುವುದಿದ್ದರೆ ವರ್ಷ ಮೊದಲು, ತಿಂಗಳು, ಆಮೇಲೆ ದಿನ. ಆಗ ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೂ ಜೋಡಣೆ ಆಗುತ್ತದೆ. ನಾವು ಬರೆಯುವ ಹಾಗೆ 14/03 ಅಂತ ಓರೆ ಗೆರೆ ಹಾಕಿದರೆ ಅದು ಇನ್ನೊಂದು ಕಥೆ, ವಿಂಡೋಸ್ ಅದನ್ನು 14 ಎಂಬ ಫೋಲ್ಡರಿನೊಳಗೆ 03 ಅಂತ ತಿಳಿಯುತ್ತದೆ.

ಪ್ರಶ್ನೆ: ಗ್ರಾಹಕರ ಇನಿಶಿಯಲ್ ಮೇಲೆ ಫೋಲ್ಡರ್ ಮಾಡುವ ಪ್ರೋಗ್ರಾಂ ಬರೆದೆ. ನೂರಾರು ಜನರದ್ದು ಆಗಿದೆ. ಒಬ್ಬರದ್ದು ಮಾತ್ರ ಏನು ಮಾಡಿದರೂ ಆಗುತ್ತಿಲ್ಲ. ಅವರದು ಪಿ.ಆರ್.ಎನ್. ನಾನು ಚುಕ್ಕಿ ತೆಗೆದು ಮೂರಕ್ಷರ ಸೇರಿಸಿ ಹೆಸರು ಮಾಡುತ್ತೇನೆ. ಎಕ್ಸ್‌ಪ್ಲೋರರ್‌ನಲ್ಲಿ ಕೈಯಾರೆ ಮಾಡಲು ಹೋದರೂ ಬಿಡುವುದಿಲ್ಲ. ವೈರಸ್ಸಾ? — ಹಾಸನ

ಉತ್ತರ: ವೈರಸ್ ಅಲ್ಲ, ವಂಶಪಾರಂಪರ್ಯ. ಆ ಮೂರಕ್ಷರ ವಿಂಡೋಸ್ ಲೆಕ್ಕದಲ್ಲಿ ಪ್ರಿಂಟರಿನ ಹೆಸರು.

1981ರಲ್ಲಿ ವಿಂಡೋಸ್‌ಗೂ ಹಿಂದಿನ ಡಾಸ್ ಬಂದಾಗ ಅದರಲ್ಲಿ ಫೋಲ್ಡರ್ ಅನ್ನುವುದೇ ಇರಲಿಲ್ಲ. ಪ್ರಿಂಟರಿಗೆ ಏನಾದರೂ ಕಳಿಸಬೇಕಾದರೆ ಪಿ ಆರ್ ಎನ್ ಅನ್ನುವ ಫೈಲಿಗೆ ಬರೆದಂತೆ ಬರೆದರೆ ಆಯಿತು. ಈ ಉಪಾಯವನ್ನು ಅದಕ್ಕೂ ಹಿಂದಿನ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಕಾಲದಿಂದ ಎತ್ತಿಕೊಂಡಿದ್ದರು. 1983ರಲ್ಲಿ ಡಾಸ್ 2.0 ಬಂದು ಫೋಲ್ಡರುಗಳು ಶುರುವಾದವು. ಹಳೆಯ ಪ್ರೋಗ್ರಾಂಗಳು ಯಾವ ಫೋಲ್ಡರಿನಲ್ಲಿದ್ದರೂ ಪ್ರಿಂಟರ್ ಸಿಗಬೇಕಲ್ಲ, ಹಾಗಾಗಿ ಈ ಹೆಸರು ಎಲ್ಲ ಫೋಲ್ಡರಿನಲ್ಲೂ ಇದೆ ಅಂತಲೇ ನಟಿಸಿದರು. ಆ ನಾಟಕ ಇನ್ನೂ ನಡೆಯುತ್ತಿದೆ. ಇದೇ ಗುಂಪಿನಲ್ಲಿ ಸಿ ಒ ಎನ್, ಎ ಯು ಎಕ್ಸ್, ಎನ್ ಯು ಎಲ್ ಇವೆ. ಸಿ ಒ ಎಂ ಮುಂದೆ 1ರಿಂದ 9, ಎಲ್ ಪಿ ಟಿ ಮುಂದೆ 1ರಿಂದ 9 ಕೂಡ. ಯಾವುದಾದರೂ ಕಾಲೇಜಿನವರು ಕಾಮರ್ಸ್ ಮೊದಲ ಸೆಕ್ಷನ್ನಿಗೆ ಸಿ ಒ ಎಂ 1 ಅಂತ ಫೋಲ್ಡರ್ ಮಾಡಲು ಹೋದರೆ ಇದೇ ಗತಿ, ಹತ್ತನೇ ಸೆಕ್ಷನ್ನಿಗೆ ಮಾತ್ರ ಸಲೀಸಾಗಿ ಆಗುತ್ತದೆ! ಇವೆಲ್ಲಕ್ಕಿಂತ ಎನ್ ಯು ಎಲ್ ಅಪಾಯಕಾರಿ. ಅದಕ್ಕೆ ಬರೆದರೆ ಎರರ್ ಕೂಡ ಬರುವುದಿಲ್ಲ, ಬರೆದದ್ದೆಲ್ಲ ಪಾತಾಳಕ್ಕೆ.

ನಮ್ಮಲ್ಲಿ ಊರಿನದೊಂದು ಅಕ್ಷರ, ಅಪ್ಪನದೊಂದು, ತಮ್ಮದೊಂದು ಸೇರಿ ಮೂರಕ್ಷರ ಆಗುವುದು ಮಾಮೂಲು. ಹಾಗಾಗಿ ಇದು ಇನ್ನೊಮ್ಮೆ ಬಂದೇ ಬರುತ್ತದೆ. ಅಷ್ಟೇ ಅಲ್ಲ, ಒಂದೇ ಇನಿಶಿಯಲ್ಲಿನ ಇಬ್ಬರು ಗ್ರಾಹಕರು ಬಂದ ದಿನ ಏನು ಮಾಡುತ್ತೀರಿ? ಗ್ರಾಹಕರಿಗೆ ಕ್ರಮಸಂಖ್ಯೆ ಕೊಡಿ, ಫೋಲ್ಡರಿಗೆ 'ಗ್ರಾಹಕ 0147' ಈ ತರಹ ಹೆಸರಿಡಿ.

ಪ್ರಶ್ನೆ: ಜಿಲ್ಲೆಗೊಂದು ಫೋಲ್ಡರ್ ಮಾಡಿ ಫೋಟೋ ಜೋಡಿಸುವ ಪ್ರೋಗ್ರಾಂ ನನ್ನದು. ಫೋಲ್ಡರ್ ಹೆಸರು ಕನ್ನಡದಲ್ಲೇ. ಈಗ ಕೋಲಾರ ಎಂಬ ಹೆಸರಿನ ಎರಡು ಫೋಲ್ಡರ್ ಆಗಿವೆ, ಒಂದೇ ಜಾಗದಲ್ಲಿ. ಇದು ಹೇಗೆ ಸಾಧ್ಯ? — ಬೆಂಗಳೂರು

ಉತ್ತರ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. 'ಕೋ' ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ. ಕ ಆದಮೇಲೆ ಓ ಸ್ವರದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎ ಕಾರದ ಚಿಹ್ನೆ, ಊ ಕಾರದ ಚಿಹ್ನೆ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡು ಜೋಡಿಸಬಹುದು. ಪರದೆ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇವೆರಡೂ ಒಂದೇ ಅಂತ ತಿಳಿಯುವುದಿಲ್ಲ, ಎರಡು ಫೋಲ್ಡರ್ ಮಾಡಿಕೊಡುತ್ತವೆ. ನಿಮ್ಮ ಫೋಟೋಗಳಲ್ಲಿ ಒಂದಿಷ್ಟು ಹಳೆಯ ಮ್ಯಾಕ್‌ನಿಂದ ಬಂದಿವೆಯಾ ನೋಡಿ. ಅದರ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು.

ಹೆಸರಿನ ಉದ್ದ ಎಣಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಮೊದಲನೇ 'ಕೋಲಾರ' ಐದು ಸಂಕೇತ, ಎರಡನೇದು ಏಳು. ಫೋಲ್ಡರ್ ಮಾಡುವ ಮೊದಲು ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ರೂಪಕ್ಕೆ ತನ್ನಿ, ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್, ಸಿ ಶಾರ್ಪ್‌ನಲ್ಲಿ ಸ್ಟ್ರಿಂಗ್‌ನದೇ ನಾರ್ಮಲೈಜ್.

ಇದರಿಂದ ಸರಿಹೋಗದ್ದು ಒಂದಿದೆ. ರಾಜ್‌ಕುಮಾರ್ ಅಂತ ಬರೆಯುವಾಗ ಜ ಕೆಳಗೆ ಕ ಒತ್ತು ಬರದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಕೆಲವು ಕಡೆ ಆ ಅಕ್ಷರ ಹೆಸರಿನ ಕೊನೆಯಲ್ಲೂ ಉಳಿದುಬಿಡುತ್ತದೆ, ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಕೊನೆಯಲ್ಲಿದ್ದರೆ ನೀವೇ ಕತ್ತರಿಸಿ, ನಡುವೆ ಇದ್ದದ್ದನ್ನು ಕತ್ತರಿಸಿದರೆ ಹೆಸರೇ ಕೆಟ್ಟು ಒತ್ತಕ್ಷರ ಬಂದುಬಿಡುತ್ತದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯ ನಡಾವಳಿ ಉಳಿಸಲು ಮಗಳು ಒಂದು ಪ್ರೋಗ್ರಾಂ ಮಾಡಿಕೊಟ್ಟಳು. ಸಭೆಯ ವಿಷಯವನ್ನೇ ಫೈಲಿನ ಹೆಸರಾಗಿ ಇಡುತ್ತದೆ. ಅವಳ ವಿಂಡೋಸ್‌ನಲ್ಲಿ ಸರಿ, ನಮ್ಮ ಉಬುಂಟುವಿನಲ್ಲಿ ಮಾತ್ರ ಹೆಸರು ಉದ್ದವಾಯಿತು ಅಂತ ಎರರ್. ಎಣಿಸಿದರೆ ನೂರು ಅಕ್ಷರವೂ ಇಲ್ಲ. — ಗದಗ

ಉತ್ತರ: ಮೇಡಂ, ಇದು ಕನ್ನಡಕ್ಕೆ ಬೀಳುವ ತೆರಿಗೆ. ಎರಡೂ ಕಡೆ ಮಿತಿ 255, ಆದರೆ ವಿಂಡೋಸ್ ಎಣಿಸುವುದು ಸಂಕೇತ, ನಿಮ್ಮ ಉಬುಂಟುವಿನ ಒಳಗಿರುವ ಲಿನಕ್ಸ್ ಎಣಿಸುವುದು ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಅಂದರೆ 85ಕ್ಕೇ ಮಿತಿ ಮುಗಿಯಿತು. ಅದೂ ನಾವು ಒಂದು ಅಂತ ಎಣಿಸುವ 'ಕ್ಷ' ಅಲ್ಲಿ ಮೂರು ಸಂಕೇತ, ಒಂಬತ್ತು ಬೈಟ್. ಮಗಳಿಗೆ ಹೇಳಿ, ವಿಷಯ ಫೈಲಿನ ಒಳಗೆ ಮೊದಲ ಸಾಲಿನಲ್ಲಿರಲಿ, ಹೆಸರಿಗೆ ದಿನಾಂಕ ಸಾಕು.

ಪ್ರಶ್ನೆ: ಸಿ ಶಾರ್ಪ್‌ನಲ್ಲಿ ಫೈಲ್ ಮಾಡುತ್ತೇನೆ, ಮುಂದಿನ ಸಾಲಿನಲ್ಲೇ ಅದಕ್ಕೆ ಬರೆಯಲು ಹೋದರೆ 'ಬೇರೆ ಪ್ರೊಸೆಸ್ ಬಳಸುತ್ತಿದೆ' ಅನ್ನುತ್ತದೆ. ಬೇರೆ ಯಾವುದೂ ಓಡುತ್ತಿಲ್ಲ. — ಮಂಗಳೂರು

ಉತ್ತರ: ಆ ಬೇರೆಯವರು ನೀವೇ. ಫೈಲ್ ಕ್ರಿಯೇಟ್ ಅನ್ನುವುದು ಫೈಲ್ ಮಾಡಿ ಅದನ್ನು ತೆರೆದೇ ನಿಮ್ಮ ಕೈಗೆ ಕೊಡುತ್ತದೆ, ನೀವು ಅದನ್ನು ಮುಚ್ಚದೆ ಇನ್ನೊಂದು ಬಾಗಿಲಿಂದ ಬರಲು ಹೋಗುತ್ತಿದ್ದೀರಿ. ಬರೆಯುವುದೇ ಉದ್ದೇಶ ಆದರೆ ಆ ಸಾಲು ಬೇಕಾಗಿಯೇ ಇಲ್ಲ. ರೈಟ್ ಆಲ್ ಟೆಕ್ಸ್ಟ್ ಒಂದೇ ಸಾಕು, ಫೈಲ್ ಇಲ್ಲದಿದ್ದರೆ ಅದೇ ಮಾಡಿಕೊಳ್ಳುತ್ತದೆ. ಫೋಲ್ಡರ್ ಮಾತ್ರ ಮಾಡಿಕೊಳ್ಳುವುದಿಲ್ಲ. ಅದನ್ನು ಮೊದಲು ಡೈರೆಕ್ಟರಿಯ ಕ್ರಿಯೇಟ್ ಡೈರೆಕ್ಟರಿಯಿಂದ ಮಾಡಿ. ಈಗಾಗಲೇ ಇದ್ದರೂ ಅದು ಗಲಾಟೆ ಮಾಡುವುದಿಲ್ಲ, ಹಾಗಾಗಿ ಇದೆಯಾ ಇಲ್ಲವಾ ಅಂತ ಮೊದಲು ಕೇಳುವ ಇಫ್ ಸಾಲೂ ದಂಡ.

ಪ್ರಶ್ನೆ: ನನ್ನ ಪ್ರೋಗ್ರಾಂ ಆಫೀಸಿನ ಝಡ್ ಡ್ರೈವ್‌ನಲ್ಲಿ ಫೋಲ್ಡರ್ ಮಾಡಬೇಕು. ಆಗದಿದ್ದಾಗ ಗೆಳೆಯರು ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡು ಅಂದರು. ಕೊಟ್ಟ ಮೇಲೆ ಝಡ್ ಡ್ರೈವೇ ಇಲ್ಲ ಅನ್ನುತ್ತಿದೆ. — ಹುಬ್ಬಳ್ಳಿ

ಉತ್ತರ: ನೆಗಡಿಗೂ ಅದೇ ಕಷಾಯ, ಹೊಟ್ಟೆನೋವಿಗೂ ಅದೇ ಕಷಾಯ ಅನ್ನುವ ಹಾಗೆ ನಮ್ಮ ಜನ ಎಲ್ಲದಕ್ಕೂ ಅಡ್ಮಿನಿಸ್ಟ್ರೇಟರ್ ಕುಡಿಸುತ್ತಾರೆ. ನೆಟ್‌ವರ್ಕ್ ಫೋಲ್ಡರಿಗೆ ಝಡ್ ಅಂತ ಹೆಸರು ಕೊಟ್ಟಿದ್ದು ನಿಮ್ಮ ಮಾಮೂಲಿ ಲಾಗಿನ್. ಅಡ್ಮಿನ್ ಆಗಿ ಓಡುವುದು ವಿಂಡೋಸ್ ಲೆಕ್ಕದಲ್ಲಿ ಬೇರೆ ಸೆಷನ್, ಅಲ್ಲಿ ಆ ಹೆಸರು ಇಲ್ಲ. ಕೋಡಿನಲ್ಲಿ ಝಡ್ ಬದಲು ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಷೇರ್ ಹೆಸರು ಇರುವ ಪೂರ್ತಿ ವಿಳಾಸ ಹಾಕಿ, ಅಡ್ಮಿನ್ ಬಿಟ್ಟು ಓಡಿಸಿ. ಆಗಲೂ ಆಗದಿದ್ದರೆ ಆ ಷೇರ್ ಮೇಲೆ ನಿಮಗೆ ಬರೆಯುವ ಅನುಮತಿ ಇಲ್ಲ, ಸಿಸ್ಟಂ ನೋಡಿಕೊಳ್ಳುವವರನ್ನು ಕೇಳಬೇಕು.

ಪ್ರಶ್ನೆ: ನನ್ನ ಪ್ರೋಗ್ರಾಂ ಡಾಕ್ಯುಮೆಂಟ್ಸ್‌ನಲ್ಲಿ ಫೋಲ್ಡರ್ ಮಾಡಬೇಕು. ಒಬ್ಬರ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಆಗುತ್ತಿಲ್ಲ. ಎರರ್ ಏನು ಅಂತಲೂ ತೋರಿಸುತ್ತಿಲ್ಲ. ಪಾತ್ ಸರಿ ಇದೆ, ಹೆಸರು ಸರಿ ಇದೆ, ಅದೇ ಯೂಸರ್ ಕೈಯಾರೆ ಮಾಡಿದರೆ ಆಗುತ್ತದೆ. ಎಲ್ಲಿಂದ ಹುಡುಕಲಿ? — ಮೈಸೂರು

ಉತ್ತರ: ಎರರ್ ತೋರಿಸುತ್ತಿಲ್ಲ ಅಂದರೆ ಯಾರೋ ಅದನ್ನು ನುಂಗುತ್ತಿದ್ದಾರೆ, ನಿಮ್ಮ ಕೋಡನ್ನೇ ಮೊದಲು ನೋಡಿ. ಟ್ರೈ, ಎಕ್ಸೆಪ್ಟ್, ಪಾಸ್ ಅಂತ ಎಲ್ಲಾದರೂ ಇದೆಯಾ? ನಾನೂ ಹಿಂದೆ ಒಂದು ಆಫೀಸಿಗೆ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಹೀಗೆ ಮಾಡಿ, ಆಮೇಲೆ ಒಂದು ಇಡೀ ರಾತ್ರಿ ಅವರ ಕಂಪ್ಯೂಟರ್ ಮುಂದೆ ಕೂತು, ಆಂಟಿವೈರಸ್ಸನ್ನು ಬೈದು, ಹಾರ್ಡ್ ಡಿಸ್ಕನ್ನು ಅನುಮಾನಿಸಿ, ಬೆಳಗಿನ ಜಾವ ನಾಲ್ಕಕ್ಕೆ ನನ್ನದೇ ಆ ಒಂದು ಸಾಲನ್ನು ಕಂಡವನು. ಡಿಸ್ಕ್ ತುಂಬಿತ್ತು, ವಿಂಡೋಸ್ ಅದನ್ನು ನನಗೆ ಹೇಳಿತ್ತು, ನಾನು ಬಾಯಿ ಮುಚ್ಚಿಸಿದ್ದೆ. ಆ ಸಾಲು ತೆಗೆದು ಎರರ್ ಸಂಖ್ಯೆಯನ್ನು ಪಾತ್ ಸಮೇತ ಒಂದು ಲಾಗ್ ಫೈಲಿಗೆ ಬರೆಸಿ. 2 ಅಂದರೆ ಫೈಲ್ ಇಲ್ಲ, 3 ಅಂದರೆ ದಾರಿಯಲ್ಲಿನ ಫೋಲ್ಡರ್ ಇಲ್ಲ, 5 ಅಂದರೆ ಅನುಮತಿ ಇಲ್ಲ, 32 ಅಂದರೆ ಬೇರೆ ಯಾರೋ ಹಿಡಿದಿದ್ದಾರೆ, 112 ಅಂದರೆ ಜಾಗ ಇಲ್ಲ, 123 ಅಂದರೆ ಹೆಸರು ಸರಿ ಇಲ್ಲ.

ನಿಮ್ಮ ವಿಷಯದಲ್ಲಿ ಕೈಯಾರೆ ಆಗುತ್ತದೆ, ಪ್ರೋಗ್ರಾಂನಿಂದ ಆಗುವುದಿಲ್ಲ ಅನ್ನುವುದೇ ದೊಡ್ಡ ಸುಳಿವು. ವಿಂಡೋಸ್ 10ಕ್ಕೆ 2017ರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದು ಕಾವಲು ಬಂತು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ತಡೆಯಲು ಅಂತ ಮಾಡಿದ್ದು. ಅದು ಆನ್ ಇದ್ದರೆ ಪರಿಚಯ ಇಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಏನೂ ಬರೆಯುವ ಹಾಗಿಲ್ಲ. ಎಕ್ಸ್‌ಪ್ಲೋರರ್ ಪರಿಚಯದವನು, ನಿಮ್ಮ ಪ್ರೋಗ್ರಾಂ ಅಲ್ಲ. ಮೂಲತಃ ಅದು ಆಫ್ ಇರುತ್ತದೆ, ಹಾಗಾಗಿಯೇ ನಿಮಗೆ ಒಂದೇ ಮನೆಯಲ್ಲಿ ಹೀಗಾಗಿರುವುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಪುಟ ತೆರೆದು ನೋಡಿ. ಆನ್ ಇದ್ದರೆ ಪೂರ್ತಿ ಆರಿಸಲು ಹೇಳಬೇಡಿ, ನಿಮ್ಮ ಇಎಕ್ಸ್‌ಇಯನ್ನು ಅನುಮತಿಯ ಪಟ್ಟಿಗೆ ಸೇರಿಸಲು ಹೇಳಿ.

ಅದೂ ಅಲ್ಲ ಅಂತಾದರೆ ಊಹೆ ಸಾಕು, ಪ್ರೊಸೆಸ್ ಮಾನಿಟರ್ ಇಳಿಸಿಕೊಳ್ಳಿ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್‌ನದು, 2006ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ, ಪುಕ್ಕಟೆ. ಫಿಲ್ಟರ್‌ನಲ್ಲಿ ನಿಮ್ಮ ಪ್ರೋಗ್ರಾಂ ಹೆಸರು ಹಾಕಿ, ಫೋಲ್ಡರ್ ಮಾಡುವ ಬಟನ್ ಒತ್ತಿ. ಅದು ಮುಟ್ಟಿದ ಪ್ರತಿ ಪಾತ್ ಒಂದೊಂದು ಸಾಲಾಗಿ ಬರುತ್ತದೆ. ಆಪರೇಷನ್ ಕಾಲಂನಲ್ಲಿ ಎಲ್ಲೆಲ್ಲೂ ಕ್ರಿಯೇಟ್‌ಫೈಲ್ ಅಂತ ಕಂಡು ಗಾಬರಿ ಆಗಬೇಡಿ. ವಿಂಡೋಸ್‌ನಲ್ಲಿ ಸುಮ್ನೆ ಓದಲು ತೆರೆದರೂ ಅದೇ ಹೆಸರು, ಫೋಲ್ಡರಿಗೂ ಅದೇ ಹೆಸರು. ನೀವು ನೋಡಬೇಕಾದದ್ದು ರಿಸಲ್ಟ್ ಕಾಲಂ. ನೇಮ್ ನಾಟ್ ಫೌಂಡ್ ನೂರಾರು ಇರುತ್ತವೆ, ಪ್ರೋಗ್ರಾಂ ತನ್ನ ಡಿಎಲ್‌ಎಲ್‌ಗಳನ್ನು ಅಲ್ಲಿ ಇಲ್ಲಿ ಹುಡುಕುವಾಗಿನ ಗದ್ದಲ ಅದು, ಬಿಟ್ಟುಬಿಡಿ. ನಿಮ್ಮ ಫೋಲ್ಡರ್ ಹೆಸರಿರುವ ಸಾಲಿನ ಮುಂದೆ ಆಕ್ಸೆಸ್ ಡಿನೈಡ್ ಇದೆಯಾ, ಪಾತ್ ನಾಟ್ ಫೌಂಡ್ ಇದೆಯಾ, ಅಥವಾ ಸಕ್ಸೆಸ್ ಅಂತಲೇ ಇದ್ದು ಪಾತ್ ಮಾತ್ರ ನೀವು ಅಂದುಕೊಂಡದ್ದಲ್ಲವಾ? ಎಷ್ಟೋ ಸಲ ಮೂರನೆಯದೇ ಇರುತ್ತದೆ. ಡಾಕ್ಯುಮೆಂಟ್ಸ್ ಒನ್‌ಡ್ರೈವ್ ಒಳಗೆ ಹೋಗಿರುವ ಕಂಪ್ಯೂಟರುಗಳಲ್ಲಿ, ಕೋಡಿನಲ್ಲಿ ಸಿ ಡ್ರೈವ್, ಯೂಸರ್ಸ್ ಅಂತ ಕೈಯಲ್ಲಿ ಬರೆದ ಪಾತ್ ಇದ್ದರೆ, ಫೋಲ್ಡರ್ ಯಾರೂ ನೋಡದ ಹಳೆಯ ಡಾಕ್ಯುಮೆಂಟ್ಸ್‌ನಲ್ಲಿ ತಣ್ಣಗೆ ಕೂತಿರುತ್ತದೆ.

ಕೆಲಸ ಆದಮೇಲೆ ಅದರ ಕ್ಯಾಪ್ಚರ್ ನಿಲ್ಲಿಸಿ ಬನ್ನಿ. ಹಾಗೇ ಓಡಲು ಬಿಟ್ಟರೆ ಗಂಟೆಗಟ್ಟಲೆ ದಾಖಲೆ ಮಾಡುತ್ತಾ ಮೆಮರಿ ತಿನ್ನುತ್ತದೆ, ನಾಳೆ ಕಂಪ್ಯೂಟರ್ ನಿಧಾನ ಆಯಿತು ಅಂತ ಆ ಮನೆಯವರಿಂದ ನಿಮಗೇ ಫೋನ್ ಬರುತ್ತದೆ.